ಒಕೊಂಕ್ವೊನ ದುರಂತವನ್ನು ಇಗ್ಬೊ ನೆಲದ ಮೇಲೆ ನಿಂತು ಓದುವ ಬಗೆ

ನೈಜೀರಿಯಾದ ಇಗ್ಬೊ ಜನಾಂಗದ ಲೇಖಕ ಚಿನುವಾ ಅಚಿಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ 1958ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ನಾಯಕ ಒಕೊಂಕ್ವೊನನ್ನು ದುರಂತ ನಾಯಕನೆಂದು ಕರೆಯುವುದು ಈಗ ವಾಡಿಕೆಯಾಗಿದೆ, ಆ ಮಾತು ತಪ್ಪೂ ಅಲ್ಲ. ಆದರೆ ಅದನ್ನು ಸಮರ್ಥಿಸಲು ಹೊರಡುವ ಪ್ರಬಂಧಗಳಲ್ಲಿ ಹೆಚ್ಚಿನವು ಒಂದೇ ಜಾಡು ಹಿಡಿಯುತ್ತವೆ. ಅರಿಸ್ಟಾಟಲ್ ಹೇಳಿದ ಲಕ್ಷಣಗಳನ್ನು ಮೊದಲ ಪುಟದಲ್ಲಿ ಪಟ್ಟಿ ಮಾಡಿ, ಒಕೊಂಕ್ವೊನಿಗೆ ಮುಂಗೋಪವೆಂಬ ದೋಷವಿತ್ತೆಂದು ತೋರಿಸಿ, ಆ ದೋಷವೇ ಅವನನ್ನು ನೇಣಿನವರೆಗೆ ಎಳೆದೊಯ್ದಿತೆಂದು ಮುಗಿಸಿಬಿಡುತ್ತವೆ. ಹಾಗೆ ಬರೆದ ಪ್ರಬಂಧದಲ್ಲಿ ಅವನ ಊರಾದ ಉಮುವೋಫಿಯಾದ ಬದಲು ಬೇರೆ ಯಾವ ಊರಿನ ಹೆಸರನ್ನು ಹಾಕಿದರೂ ಏನೂ ಕೆಡುವುದಿಲ್ಲ. ಅದರ ಕೊರತೆ ಇರುವುದೇ ಅಲ್ಲಿ. ನಾಯಕನ ತಪ್ಪನ್ನು ಮೊದಲು ಅವನ ಜನರ ಅಳತೆಗೋಲಿನಿಂದಲೇ ಅಳೆದು, ಆಮೇಲೆ ಹೊರಗಿನ ಪರಿಭಾಷೆಗೆ ಬರುವ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಕಾದಂಬರಿಯನ್ನು ಒಮ್ಮೆ ಓದಿ, ಕೈಯಲ್ಲಿ ಪೆನ್ಸಿಲ್ ಹಿಡಿದು ಎರಡನೆಯ ಓದಿಗೆ ಕುಳಿತವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ನಾಲ್ಕು ಪದಗಳನ್ನು ಅನುವಾದಿಸದೆ ಇಟ್ಟುಕೊಳ್ಳುವುದು

'ಚಿ', 'ಅನಿ', 'ಅಗ್ಬಾಲಾ', 'ಒಚು' ಎಂಬ ನಾಲ್ಕು ಪದಗಳನ್ನು ಟಿಪ್ಪಣಿ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದುಕೊಳ್ಳಿ.

'ಚಿ' ಎಂದರೆ ಪ್ರತಿಯೊಬ್ಬ ಮನುಷ್ಯನಿಗೂ ಬೇರೆಬೇರೆಯಾಗಿರುವ, ಅವನೊಡನೆಯೇ ಇರುವ ದೈವಾಂಶ. ಅದನ್ನು 'ವಿಧಿ' ಎಂದು ಅನುವಾದಿಸಿದ ಕ್ಷಣವೇ ಅರ್ಧ ಅರ್ಥ ಸೋರಿಹೋಗುತ್ತದೆ, ಏಕೆಂದರೆ ವಿಧಿಯೊಡನೆ ಯಾರೂ ಮಾತುಕತೆ ನಡೆಸಲಾರರು, ಚಿಯೊಡನೆ ನಡೆಸಬಹುದು. ಮನುಷ್ಯ ಹೌದೆಂದರೆ ಅವನ ಚಿಯೂ ಹೌದೆನ್ನುತ್ತದೆ ಎಂಬ ಇಗ್ಬೊ ಗಾದೆಯನ್ನು ಕಾದಂಬರಿಯ ಆರಂಭದ ಭಾಗದಲ್ಲಿ ಒಕೊಂಕ್ವೊನ ಏಳಿಗೆಗೆ ಅನ್ವಯಿಸಲಾಗಿದೆ. ಹದಿನಾಲ್ಕನೆಯ ಅಧ್ಯಾಯದಲ್ಲಿ, ಗಡೀಪಾರಾಗಿ ತಾಯಿಯ ಊರಿಗೆ ಬಂದ ಮೇಲೆ, ಅದೇ ಗಾದೆ ಅವನ ಮನಸ್ಸಿನಲ್ಲಿ ತಲೆಕೆಳಗಾಗುತ್ತದೆ: ತಾನು ಹೌದೆಂದರೂ ತನ್ನ ಚಿ ಅಲ್ಲವೆಂದಿತಲ್ಲ ಎಂದು ಅವನು ಕೊರಗುತ್ತಾನೆ. ಈ ಎರಡು ಸ್ಥಳಗಳಿಗೂ ಗುರುತು ಹಾಕಿಕೊಳ್ಳಿ, ಪ್ರಬಂಧದ ಬೆನ್ನುಮೂಳೆ ಅಲ್ಲಿಂದಲೇ ಸಿಗಬಹುದು. 'ಅನಿ' ಭೂದೇವಿ, ಬೆಳೆಗೂ ನೀತಿಗೂ ಸತ್ತವರಿಗೂ ಅವಳೇ ಒಡತಿ. 'ಅಗ್ಬಾಲಾ' ಎಂದರೆ ಹೆಂಗಸು. ಒಂದೂ ಬಿರುದು ಪಡೆಯದ ಗಂಡಸನ್ನು ಹೀಗಳೆಯಲೂ ಅದೇ ಪದ ಬಳಕೆಯಲ್ಲಿದೆ. ಸಾಲದೆಂಬಂತೆ ಊರಿಗೆ ಊರೇ ನಡುಗುವ ಬೆಟ್ಟಗುಹೆಯ ದೈವದ ಹೆಸರೂ ಅಗ್ಬಾಲಾ ಎಂದೇ. ಬೈಗುಳವೂ ದೈವದ ಹೆಸರೂ ಒಂದೇ ಪದವಾಗಿರುವ ಸಮಾಜದಲ್ಲಿ ಒಕೊಂಕ್ವೊ ಬೈಗುಳವನ್ನು ಮಾತ್ರ ಕೇಳಿಸಿಕೊಂಡ. 'ಒಚು' ಎಂದರೆ ಕುಲಬಾಂಧವನ ಕೊಲೆ. ಅದರಲ್ಲಿ ಗಂಡು, ಹೆಣ್ಣು ಎಂದು ಎರಡು ಬಗೆ. ತಿಳಿಯದೆ ನಡೆದದ್ದು ಹೆಣ್ಣು.

ಎರಡನೆಯ ಹೆಜ್ಜೆ: ಅನಿಯ ಲೆಕ್ಕದ ಪುಸ್ತಕ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. 'ನಾಯಕನ ದೋಷಗಳು' ಎಂಬ ಶೀರ್ಷಿಕೆಯನ್ನು ಹೊಡೆದುಹಾಕಿ, ಅದರ ಜಾಗದಲ್ಲಿ 'ಅನಿಗೆ ವಿರುದ್ಧವಾಗಿ ನಡೆದದ್ದು' ಎಂದು ಬರೆದು, ಪ್ರತಿಯೊಂದು ಘಟನೆಯ ಎದುರಿಗೆ ಮೂರು ಸಂಗತಿಗಳನ್ನು ತುಂಬಿ: ಒಕೊಂಕ್ವೊ ಬೇಕೆಂದೇ ಮಾಡಿದನೇ, ಊರು ಏನು ದಂಡ ವಿಧಿಸಿತು, ದಂಡ ತೆತ್ತ ಮೇಲೆ ಅವನು ಊರಿನ ಒಳಗೆ ಉಳಿದನೇ.

ಮೊದಲನೆಯದು ಶಾಂತಿಯ ವಾರದಲ್ಲಿ ನಡೆದದ್ದು. ಬಿತ್ತನೆಗೆ ಮುಂಚಿನ ಆ ವಾರದಲ್ಲಿ ಯಾರೂ ಯಾರಿಗೂ ಗಡುಸಾಗಿ ಮಾತನಾಡಬಾರದು. ಕಿರಿಯ ಹೆಂಡತಿ ಒಜಿಯುಗೊ ತಲೆ ಹೆಣೆಸಿಕೊಳ್ಳಲು ಹೋಗಿ ಅಡುಗೆಯ ಹೊತ್ತಿಗೆ ಮರಳದ ಕಾರಣ ಒಕೊಂಕ್ವೊ ಅವಳನ್ನು ಹೊಡೆಯುತ್ತಾನೆ. ಅನಿಯ ಅರ್ಚಕ ಎಜಿಯಾನಿ ಅವನ ಮನೆಗೆ ಬಂದು, ನೀಡಿದ ಕೋಲಾ ಕಾಯಿಯನ್ನೂ ಮುಟ್ಟದೆ, ಒಂದು ಹೆಣ್ಣು ಮೇಕೆ, ಒಂದು ಹೇಂಟೆ, ಒಂದು ತುಂಡು ಬಟ್ಟೆ ಮತ್ತು 100 ಕವಡೆಗಳ ದಂಡ ವಿಧಿಸುತ್ತಾನೆ. ಒಕೊಂಕ್ವೊ ಅಷ್ಟನ್ನೂ ತೆತ್ತು, ಮೇಲೆ ಒಂದು ಗಡಿಗೆ ಹೆಂಡವನ್ನೂ ಒಪ್ಪಿಸುತ್ತಾನೆ. ಒಳಗೊಳಗೆ ಅವನಿಗೆ ಪಶ್ಚಾತ್ತಾಪವಿದೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಸ್ವಭಾವ ಅವನದಲ್ಲ. ಆದ್ದರಿಂದ ನೆರೆಹೊರೆಯವರು ಅವನಿಗೆ ದೈವದ ಭಯವಿಲ್ಲವೆಂದುಕೊಳ್ಳುತ್ತಾರೆ. ಈ ಒಂದು ವಿವರವನ್ನು ಗಮನಿಸಿದವರು ಅವನನ್ನು ಬರಿಯ ಕ್ರೂರಿಯೆಂದು ಬರೆಯಲಾರರು.

ಎರಡನೆಯದು ಇಕೆಮೆಫುನಾನ ಕೊಲೆ. ಎಂಬೈನೊ ಊರಿನಿಂದ ಪರಿಹಾರವಾಗಿ ಬಂದ ಆ ಹುಡುಗ ಒಕೊಂಕ್ವೊನ ಮನೆಯಲ್ಲಿ ಮೂರು ವರ್ಷ ಬೆಳೆದು ಅವನನ್ನು ಅಪ್ಪನೆಂದೇ ಕರೆಯುತ್ತಿರುತ್ತಾನೆ. ಅವನನ್ನು ಕೊಲ್ಲಬೇಕೆಂದು ದೈವ ನುಡಿಯುತ್ತದೆ. ಊರಿನ ಹಿರಿಯ ಎಜೆವುಡು ಬಂದು, ಹುಡುಗ ನಿನ್ನನ್ನು ಅಪ್ಪಾ ಎನ್ನುತ್ತಾನೆ, ಈ ಸಾವಿನಲ್ಲಿ ನಿನ್ನ ಕೈ ಇರಕೂಡದು ಎಂದು ಎಚ್ಚರಿಸುತ್ತಾನೆ. ಕಾಡುದಾರಿಯಲ್ಲಿ ಮೊದಲ ಏಟು ಬೇರೊಬ್ಬನದು. ಒಕೊಂಕ್ವೊ ಮುಖ ತಿರುಗಿಸಿಕೊಂಡಿರುತ್ತಾನೆ. ಹುಡುಗ ಅಪ್ಪಾ ಎನ್ನುತ್ತ ಅವನ ಕಡೆಗೇ ಓಡಿ ಬಂದಾಗ ಅವನು ಮಚ್ಚು ಎತ್ತುತ್ತಾನೆ. ಅದಕ್ಕೆ ಕಾದಂಬರಿ ಕೊಡುವ ಕಾರಣ ಕೋಪವಲ್ಲ. ತನ್ನನ್ನು ದುರ್ಬಲನೆಂದು ಯಾರಾದರೂ ತಿಳಿದುಬಿಟ್ಟಾರೆಂಬ ಅಂಜಿಕೆ. ಮುಂಗೋಪದ ಸಿದ್ಧಾಂತ ಇಲ್ಲಿಗೇ ಮುರಿದುಬೀಳುತ್ತದೆ. ಊರು ಇದಕ್ಕೆ ದಂಡವನ್ನೇ ವಿಧಿಸುವುದಿಲ್ಲ. ದೈವದ ನುಡಿಯನ್ನು ನಡೆಸಿದವನಿಗೆ ದಂಡವೆಲ್ಲಿಯದು? ಗೆಳೆಯ ಒಬಿಯೆರಿಕಾ ಮಾತ್ರ, ನೀನು ಮಾಡಿದ್ದು ಭೂಮಿಗೆ ಹಿಡಿಸುವ ಕೆಲಸವಲ್ಲ ಎನ್ನುತ್ತಾನೆ. ತನ್ನ ಮಗನನ್ನು ಕೊಲ್ಲಲು ದೈವ ಹೇಳಿದ್ದರೆ ತಾನು ಎದುರಾಡುತ್ತಲೂ ಇರಲಿಲ್ಲ, ಕೈಯಾರೆ ಮಾಡುತ್ತಲೂ ಇರಲಿಲ್ಲ ಎಂಬುದು ಅವನ ನಿಲುವು. ವಿಧೇಯತೆ ಮತ್ತು ವಿರೋಧಗಳ ನಡುವೆ ಇಷ್ಟು ಅಗಲದ ಮೂರನೆಯ ದಾರಿಯನ್ನು ಆ ಸಮಾಜ ತೆರೆದಿಟ್ಟಿತ್ತು ಎಂಬುದನ್ನು ಟಿಪ್ಪಣಿಯಲ್ಲಿ ಅಡಿಗೆರೆ ಎಳೆದು ಬರೆದುಕೊಳ್ಳಿ.

ಮೂರನೆಯದು ಅದೇ ಎಜೆವುಡುವಿನ ಅಂತ್ಯಕ್ರಿಯೆಯಲ್ಲಿ ನಡೆಯುತ್ತದೆ. ಮರ್ಯಾದೆಗಾಗಿ ಬಂದೂಕು ಹಾರಿಸುವಾಗ ಒಕೊಂಕ್ವೊನ ಬಂದೂಕು ಸಿಡಿದು, ಸತ್ತವನ ಹದಿನಾರು ವರ್ಷದ ಮಗನ ಎದೆಗೆ ಕಬ್ಬಿಣದ ಚೂರು ಹೊಕ್ಕುತ್ತದೆ. ಇದು ಹೆಣ್ಣು ಒಚು; ದಂಡ ಏಳು ವರ್ಷಗಳ ಗಡೀಪಾರು. ಇದಕ್ಕೂ ಮೊದಲು ಹೊಸ ಯಾಮ್ (ಅಲ್ಲಿನ ಮುಖ್ಯ ಗೆಡ್ಡೆ ಬೆಳೆ) ಹಬ್ಬದ ಸಮಯದಲ್ಲಿ ಒಕೊಂಕ್ವೊ ಎರಡನೆಯ ಹೆಂಡತಿ ಎಕ್ವೆಫಿಯ ಮೇಲೆ ಬಂದೂಕು ಹಾರಿಸಿದ್ದನೆಂಬುದು ನೆನಪಿರಲಿ. ಗುರಿಯಿಟ್ಟು ಹಾರಿಸಿದಾಗ ತಗಲದ ಗುಂಡು, ಗುರಿಯೇ ಇಲ್ಲದಾಗ ತಗಲಿತು. ಮೊದಲನೆಯದು ಸ್ವಭಾವದ ಫಲ, ಎರಡನೆಯದು ಅವನ ಸ್ವಭಾವಕ್ಕೆ ಸಂಬಂಧವೇ ಇಲ್ಲದ ಆಕಸ್ಮಿಕ. ಆದರೆ ಶಿಕ್ಷೆ ಸಿಕ್ಕಿದ್ದು ಎರಡನೆಯದಕ್ಕೆ. ಅವನು ಹೊರಟುಹೋದ ಮೇಲೆ ಊರ ಗಂಡಸರು ಯುದ್ಧದ ಉಡುಪಿನಲ್ಲಿ ಬಂದು ಮನೆಗೆ ಬೆಂಕಿಯಿಟ್ಟು, ಗೋಡೆ ಕೆಡವಿ, ಕಣಜ ನಾಶಮಾಡುತ್ತಾರೆ. ಅವರಲ್ಲಿ ಯಾರಿಗೂ ಅವನ ಮೇಲೆ ದ್ವೇಷವಿಲ್ಲ, ಒಬಿಯೆರಿಕಾನೂ ಅವರೊಳಗೊಬ್ಬ.

ನಾಲ್ಕನೆಯದು ಆತ್ಮಹತ್ಯೆ. ಅದಕ್ಕೆ ದಂಡವೂ ಇಲ್ಲ, ಹಿಂತಿರುಗಿ ಬರುವ ದಾರಿಯೂ ಇಲ್ಲ. ಅಂಥ ದೇಹವನ್ನು ಕುಲದವರು ಮುಟ್ಟುವಂತಿಲ್ಲ, ಪರಕೀಯರೇ ಮಣ್ಣು ಮಾಡಬೇಕು.

ಈ ನಾಲ್ಕನ್ನೂ ಒಂದರ ಕೆಳಗೊಂದು ಬರೆದು ನೋಡಿದಾಗ ಮೊದಲ ಓದಿನಲ್ಲಿ ಕಾಣದ ಒಂದು ಏರಿಕೆ ಕಣ್ಣಿಗೆ ಬೀಳುತ್ತದೆ: ಮೇಕೆ ಕೋಳಿಗಳಲ್ಲಿ ತೀರಿದ ಋಣ, ಬಳಿಕ ಯಾರೂ ವಸೂಲು ಮಾಡದ ಋಣ, ಆಮೇಲೆ ಏಳು ವರ್ಷದ ಋಣ, ಕಡೆಗೆ ತೀರಿಸಲಾಗದ ಋಣ. ತನ್ನ ಕುಲದ ಸಂಪ್ರದಾಯಕ್ಕೆ ಎಲ್ಲರಿಗಿಂತ ನಿಷ್ಠನೆಂದು ತಿಳಿದುಕೊಂಡಿದ್ದವನು, ಆ ಸಂಪ್ರದಾಯದ ಅತ್ಯಂತ ಆಳದ ದೇವತೆಗೆ ಮತ್ತೆ ಮತ್ತೆ ಎರವಾಗುತ್ತ ಹೋಗುವುದೇ ಈ ದುರಂತದ ಮೂಲವೆಂದು ನನ್ನ ತಿಳಿವಳಿಕೆ.

ಮೂರನೆಯ ಹೆಜ್ಜೆ: ಅಪ್ಪನ ಸಾವನ್ನು ಮಗನ ಸಾವಿನ ಪಕ್ಕದಲ್ಲಿಡುವುದು

ಒಕೊಂಕ್ವೊನ ಅಪ್ಪ ಉನೊಕಾ ಸಾಲಗಾರ, ಸೋಮಾರಿ, ಕೊಳಲು ನುಡಿಸುವವನು. ಸಾಲ ಕೇಳಲು ಬಂದವನಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳನ್ನು ತೋರಿಸಿ, ದೊಡ್ಡ ಸಾಲಗಳನ್ನು ಮೊದಲು ತೀರಿಸುತ್ತೇನೆಂದು ನಗುವ ಅವನ ದೃಶ್ಯ ಕಾದಂಬರಿಯ ಸವಿಯಾದ ಪುಟಗಳಲ್ಲೊಂದು. ಹೊಟ್ಟೆ, ಕೈಕಾಲು ಊದಿಕೊಳ್ಳುವ ರೋಗ ಬಂದವರು ಮನೆಯಲ್ಲಿ ಸಾಯಬಾರದು, ಭೂಮಿಗೆ ಅದು ಸಲ್ಲದು. ಆದ್ದರಿಂದ ಉನೊಕಾನನ್ನು ಕೆಡುಕಿನ ಕಾಡಿಗೆ ಹೊತ್ತು ಹಾಕುತ್ತಾರೆ. ಅವನು ತನ್ನ ಕೊಳಲನ್ನು ಜೊತೆಗೆ ಒಯ್ಯುತ್ತಾನೆ.

ಅಪ್ಪ ಪ್ರೀತಿಸಿದ್ದನ್ನೆಲ್ಲ ದ್ವೇಷಿಸುವುದೇ ಒಕೊಂಕ್ವೊನ ಬಾಳಿನ ಏಕೈಕ ಹಟ. ಹದಿನೆಂಟರ ಹರೆಯದಲ್ಲಿ ಏಳು ವರ್ಷ ಅಜೇಯನಾಗಿದ್ದ ಅಮಲಿಂಜೆಯನ್ನು ಕುಸ್ತಿಯಲ್ಲಿ ಕೆಡವಿದ್ದು, ಅಪ್ಪನಿಂದ ಒಂದು ಬೀಜದ ಗೆಡ್ಡೆಯೂ ಬಾರದೆ ನ್ವಾಕಿಬಿಯೆಯಿಂದ 800 ಬಿತ್ತನೆ ಯಾಮ್‌ಗಳನ್ನು ಪಾಲಿಗೆ ಪಡೆದು ಬೇಸಾಯ ಆರಂಭಿಸಿದ್ದು, ಮೂವರು ಹೆಂಡಿರು, ಎರಡು ಬಿರುದುಗಳು, ಎಲ್ಲವೂ ಆ ಹಟದ ಫಲ. ಹಾಗಿದ್ದೂ ಕಡೆಗೆ ಅಪ್ಪನಂತೆಯೇ ಮಗನಿಗೂ ಊರ ಮಣ್ಣಿನಲ್ಲಿ ಕುಲದವರ ಕೈಯ ಸಂಸ್ಕಾರ ಸಿಗಲಿಲ್ಲ. ಅಪ್ಪನ ಕೈಯಲ್ಲಿ ಕೊಳಲಾದರೂ ಇತ್ತು.

ಮಳೆ ಕೆಟ್ಟ ವರ್ಷದಲ್ಲಿ ಉನೊಕಾ ಮಗನಿಗೆ ಹೇಳುವ ಸಮಾಧಾನದ ಮಾತನ್ನು ತಪ್ಪದೆ ಹುಡುಕಿ ಓದಿ. ಎಲ್ಲರ ಬೆಳೆಯೂ ಹೋದಾಗ ಸೋಲು ಅಭಿಮಾನವನ್ನು ಚುಚ್ಚುವುದಿಲ್ಲ, ಒಬ್ಬನೇ ಸೋಲುವುದು ಅದಕ್ಕಿಂತ ಕಷ್ಟ, ಅದಕ್ಕಿಂತ ಕಹಿ ಎಂಬುದು ಅದರ ತಾತ್ಪರ್ಯ. ಸಾಯುವ ಕಾಲದ ಉನೊಕಾನ ಹರಟೆಯೆಂದು ಒಕೊಂಕ್ವೊ ಅದನ್ನು ತಾಳ್ಮೆಗೆಟ್ಟು ಕೇಳುತ್ತಾನೆ. ಕೊನೆಯ ಸಭೆಯಲ್ಲಿ ಅವನು ಒಬ್ಬನೇ ಸೋಲುತ್ತಾನೆ.

ನಾಲ್ಕನೆಯ ಹೆಜ್ಜೆ: ಅವನು ಕೇಳಿಸಿಕೊಳ್ಳದ ಮಾತುಗಳನ್ನು ಒಟ್ಟುಮಾಡುವುದು

ಒಂದು ನಿಂತಲ್ಲಿ ಅದರ ಪಕ್ಕದಲ್ಲಿ ಇನ್ನೊಂದು ನಿಲ್ಲುತ್ತದೆ ಎಂಬ ಇಗ್ಬೊ ಮಾತೊಂದಿದೆ. ಚಿಯ ಕುರಿತ ತಮ್ಮ ಪ್ರಬಂಧದಲ್ಲಿ ಅಚಿಬೆ ಅದನ್ನೇ ಇಗ್ಬೊ ಚಿಂತನೆಯ ಕೀಲಿಯಂತೆ ಬಳಸುತ್ತಾರೆ. ಕಾದಂಬರಿಯಲ್ಲಿ ಪಕ್ಕದಲ್ಲಿ ನಿಲ್ಲುವ ಆ ಇನ್ನೊಂದು ಎಲ್ಲೆಲ್ಲಿ ಬರುತ್ತದೆಂದು ಹುಡುಕಿದರೆ, ಅದು ಸಾಮಾನ್ಯವಾಗಿ ಒಕೊಂಕ್ವೊನ ಎದುರಿಗೇ ಬಂದು ಹೋಗಿರುತ್ತದೆ. ತಾಯಿಯ ಊರಾದ ಎಂಬಾಂಟಾದಲ್ಲಿ ಸೋದರಮಾವ ಉಚೆಂಡು ಅವನನ್ನು ಎಲ್ಲರೆದುರು ಕೂರಿಸಿ, ಮಕ್ಕಳು ತಂದೆಗೆ ಸೇರಿದವರಾದರೂ ನಾವು ಹೆಣ್ಣುಮಕ್ಕಳಿಗೆ 'ನೆಕಾ', ಅಂದರೆ ತಾಯಿಯೇ ಮೇಲು, ಎಂದು ಏಕೆ ಹೆಸರಿಡುತ್ತೇವೆ ಎಂದು ಕೇಳುತ್ತಾನೆ. ಒಕೊಂಕ್ವೊನಿಗೆ ಉತ್ತರ ಗೊತ್ತಿಲ್ಲ. ಅಪ್ಪ ಹೊಡೆದಾಗ ಮಗು ತಾಯಿಯ ಗುಡಿಸಿಲಿಗೆ ಓಡುತ್ತದೆ ಎಂದು ಮಾವನೇ ವಿವರಿಸುತ್ತಾನೆ. ಮುಂದೆ ಗಡೀಪಾರಿನಲ್ಲಿ ಹುಟ್ಟಿದ ಮಗಳಿಗೆ ಒಕೊಂಕ್ವೊ ನೆಕಾ ಎಂದು ಹೆಸರಿಡುವುದು ಬಂಧುಗಳ ದಾಕ್ಷಿಣ್ಯಕ್ಕೆ. ಎರಡು ವರ್ಷದ ಬಳಿಕ ಹುಟ್ಟಿದ ಮಗನಿಗೆ 'ನ್ವೋಫಿಯಾ', ಕಾಡಿನಲ್ಲಿ ಹುಟ್ಟಿದವನು, ಎಂಬ ಹೆಸರು. ಏಳು ವರ್ಷದ ಪಾಠ ಅವನಿಗೆ ಎಷ್ಟು ತಲುಪಿತೆಂಬುದನ್ನು ಅಳೆಯಲು ಈ ಎರಡು ಹೆಸರುಗಳೇ ಸಾಕು.

ಮಗಳು ಎಜಿನ್ಮಾ ಗಂಡಾಗಿ ಹುಟ್ಟಬಾರದಿತ್ತೇ ಎಂದು ಮತ್ತೆ ಮತ್ತೆ ಹಂಬಲಿಸುವುದನ್ನೂ, ಅರ್ಚಕಿ ಚಿಯೆಲೊ ಆ ಮಗುವನ್ನು ಹೊತ್ತೊಯ್ದ ರಾತ್ರಿ ಅವನು ಕತ್ತಲಲ್ಲಿ ಗುಹೆಯವರೆಗೆ ಹಲವು ಸಲ ನಡೆದುಹೋದದ್ದನ್ನೂ ಇದೇ ಪುಟಕ್ಕೆ ಸೇರಿಸಿ. ಅವನೊಳಗೆ ಮಮತೆಯಿಲ್ಲವೆಂದು ಬರೆದವರು ಆ ರಾತ್ರಿಯನ್ನು ಓದಿಲ್ಲ.

ಐದನೆಯ ಹೆಜ್ಜೆ: ಬಿಳಿಯರನ್ನು ಸರಿಯಾದ ಜಾಗದಲ್ಲಿ ಇಡುವುದು

ಇಪ್ಪತ್ತೈದು ಅಧ್ಯಾಯಗಳಲ್ಲಿ ಮೊದಲ ಹದಿಮೂರು ಬಿಳಿಯರಿಲ್ಲದ ಉಮುವೋಫಿಯಾಕ್ಕೆ ಮೀಸಲಾಗಿವೆ. ಆದ್ದರಿಂದ 'ವಸಾಹತುಶಾಹಿ ಅವನನ್ನು ಕೊಂದಿತು' ಎಂಬ ಉತ್ತರವೂ 'ಸ್ವಂತ ದೋಷ ಅವನನ್ನು ಕೊಂದಿತು' ಎಂಬ ಉತ್ತರದಷ್ಟೇ ಅರೆಬರೆ. ಅವನು ಊರಲ್ಲಿಲ್ಲದ ಏಳು ವರ್ಷಗಳಲ್ಲಿಯೇ ಚರ್ಚು, ನ್ಯಾಯಾಲಯ, ವ್ಯಾಪಾರ ಮೂರೂ ಬೇರು ಬಿಡುತ್ತವೆ. ಹೊಸ ಧರ್ಮದತ್ತ ಮೊದಲು ಹೋಗುವವರು ಆ ಸಮಾಜ ಹೊರಗಿಟ್ಟವರು: ಅವಳಿಗಳನ್ನು ಹೆತ್ತು ಕಳೆದುಕೊಂಡ ತಾಯಂದಿರು, ಬಿರುದಿಲ್ಲದವರು, ದೇವರಿಗೆ ಮೀಸಲಾಗಿ ಅಸ್ಪೃಶ್ಯರಾದ 'ಒಸು'ಗಳು, ಮತ್ತು ಇಕೆಮೆಫುನಾನ ಸಾವನ್ನು ಮರೆಯಲಾರದ ಒಕೊಂಕ್ವೊನ ಮಗ ನ್ವೊಯೆ. ಅಬಾಮೆ ಎಂಬ ಊರು ಬಿಳಿಯನೊಬ್ಬನನ್ನು ಕೊಂದು ಅವನ ಕಬ್ಬಿಣದ ಕುದುರೆಯನ್ನು, ಅಂದರೆ ಸೈಕಲ್ಲನ್ನು, ಮರಕ್ಕೆ ಕಟ್ಟಿದ್ದಕ್ಕಾಗಿ ಸಂತೆಯ ದಿನ ನಿರ್ನಾಮವಾದ ಪ್ರಸಂಗಕ್ಕೆ 1905ರಲ್ಲಿ ಅಹಿಯಾರಾ ಪ್ರದೇಶದಲ್ಲಿ ನಡೆದ ಹತ್ಯೆ ಮತ್ತು ಅದರ ಬೆನ್ನಿಗೆ ಬ್ರಿಟಿಷರು ನಡೆಸಿದ ದಂಡಯಾತ್ರೆಯ ಹಿನ್ನೆಲೆಯಿದೆ.

ಇಲ್ಲಿ ಅರಿಸ್ಟಾಟಲನ ಒಂದು ಮಾತನ್ನು ತಿದ್ದಿಕೊಳ್ಳಬೇಕಾಗುತ್ತದೆ. ನಾಯಕ ದೊಡ್ಡ ಮನೆತನದವನಾಗಿರಬೇಕೆಂದು ಅವನು ಬಯಸಿದ. ಇಗ್ಬೊ ಊರುಗಳಲ್ಲಿ ಅರಸನೇ ಇಲ್ಲ. ನಿಮ್ಮ ರಾಜ ಯಾರೆಂದು ಮಿಷನರಿಗಳು ಕೇಳಿದಾಗ ಜನ ಹಾಗೆಯೇ ಉತ್ತರಿಸುತ್ತಾರೆ. ಎತ್ತರವೆನ್ನುವುದು ಅಲ್ಲಿ ದುಡಿದು, ಬಿರುದು ಪಡೆದು, ಊರವರ ಮುಂದೆ ಗಳಿಸಿಕೊಳ್ಳುವಂಥದ್ದು. ಊರೇ ಕೊಟ್ಟ ಎತ್ತರವಾದ್ದರಿಂದ ಊರು ಬದಲಾದಾಗ ಅದು ತಾನಾಗಿಯೇ ಕರಗುತ್ತದೆ. ಒಕೊಂಕ್ವೊ ಮರಳಿ ಬಂದಾಗ ಅವನನ್ನು ಗಮನಿಸುವಷ್ಟು ಪುರುಸೊತ್ತು ಉಮುವೋಫಿಯಾಕ್ಕೆ ಇರಲಿಲ್ಲವೆಂಬುದು ಸೆರೆಮನೆಯ ಅವಮಾನಕ್ಕಿಂತ ಮುಂಚಿನ ಪತನ.

ಆರನೆಯ ಹೆಜ್ಜೆ: ಹೋಲಿಕೆಯನ್ನು ಎಚ್ಚರದಿಂದ ಬಳಸುವುದು

ಕನ್ನಡದ ಓದುಗರಿಗೆ ಒಕೊಂಕ್ವೊನ ಹಟ ಕಂಡೊಡನೆ ರನ್ನನ ದುರ್ಯೋಧನ ನೆನಪಾಗುವುದು ಸಹಜ. ಅದು ಪ್ರಬಂಧದಲ್ಲಿ ಒಂದು ವಾಕ್ಯಕ್ಕೆ ಸಾಕು, ಏಕೆಂದರೆ ದುರ್ಯೋಧನನಿಗೆ ತನ್ನ ಛಲದ ಬಗ್ಗೆ ಅಂಜಿಕೆಯಿಲ್ಲ. ಒಕೊಂಕ್ವೊನ ಛಲದ ಒಳಗಿರುವುದೆಲ್ಲ ಅಂಜಿಕೆಯೇ. ಅದಕ್ಕಿಂತ ಹತ್ತಿರದ ಹೋಲಿಕೆ ಬಿ. ಎಂ. ಶ್ರೀಕಂಠಯ್ಯನವರು 'ಅಶ್ವತ್ಥಾಮನ್' ನಾಟಕಕ್ಕೆ ಆಧಾರವಾಗಿಟ್ಟುಕೊಂಡ ಸಾಫಕ್ಲೀಸನ 'ಏಜಾಕ್ಸ್'. ಅವಮಾನಿತನಾದ ವೀರ ತನ್ನ ಕತ್ತಿಯ ಮೇಲೆಯೇ ಬಿದ್ದು ಸತ್ತ ಮೇಲೂ ಆ ನಾಟಕ ಮುಗಿಯುವುದಿಲ್ಲ. ಹೆಣವನ್ನು ಮಣ್ಣು ಮಾಡಬಹುದೇ ಕೂಡದೇ ಎಂಬ ಜಗಳದಲ್ಲಿ ಮುಂದುವರಿಯುತ್ತದೆ. ಏಜಾಕ್ಸನಿಗೆ ಕಡೆಗೆ ಸಂಸ್ಕಾರ ದೊರೆಯಿತು. ಉಮುವೋಫಿಯಾದಲ್ಲಿ ಆ ಕುರಿತು ಜಗಳವಾಡುವವರು ಯಾರೂ ಇಲ್ಲ.

ಏಳನೆಯ ಹೆಜ್ಜೆ: ಕೊನೆಯ ಎರಡು ಅಧ್ಯಾಯಗಳನ್ನು ನಿಧಾನವಾಗಿ ಓದುವುದು

ಸಭೆಗೆ ಬಂದ ನ್ಯಾಯಾಲಯದ ಜವಾನನನ್ನು ಒಕೊಂಕ್ವೊ ಮಚ್ಚಿನಿಂದ ಕಡಿದು ಹಾಕುತ್ತಾನೆ. ಉಳಿದ ಜವಾನರನ್ನು ಜನ ತಡೆಯದೆ ಬಿಟ್ಟುಬಿಡುತ್ತಾರೆ. ಏಕೆ ಮಾಡಿದ ಎಂದು ಯಾರೋ ಕೇಳುವುದು ಅವನ ಕಿವಿಗೆ ಬೀಳುತ್ತದೆ. ಮರಳಿನಲ್ಲಿ ಮಚ್ಚು ಒರೆಸಿ ಅವನು ಹೊರಟುಹೋಗುತ್ತಾನೆ. ಆ ಬಳಿಕ ಅವನ ಮನಸ್ಸಿನ ಒಂದು ಎಳೆಯನ್ನೂ ಲೇಖಕ ನಮಗೆ ತೋರಿಸುವುದಿಲ್ಲ. ಗ್ರೀಕ್ ನಾಯಕನಿಗೆ ಸಿಗುವ ಅರಿವಿನ ಗಳಿಗೆ ಇಲ್ಲಿ ಇದೆಯೇ ಎಂದು ಪ್ರಬಂಧದಲ್ಲಿ ಚರ್ಚಿಸುವವರು ಈ ಮೌನವನ್ನು ಮುಂದಿಟ್ಟುಕೊಂಡು ಚರ್ಚಿಸಬೇಕು. ಅರಿವೇನಾದರೂ ಇದ್ದರೆ ಅದು ತಾನು ಒಂಟಿಯೆಂಬ ಅರಿವು; ತಾನೆಲ್ಲಿ ತಪ್ಪಿದೆನೆಂಬ ಅರಿವು ಅವನಿಗಾಯಿತೆಂದು ಹೇಳಲು ಪಠ್ಯದಲ್ಲಿ ಆಧಾರವಿಲ್ಲ. ಅರಿವು ಒಬಿಯೆರಿಕಾನಿಗೆ ಆಗುತ್ತದೆ. ಮರಕ್ಕೆ ನೇತುಬಿದ್ದ ಗೆಳೆಯನ ಕೆಳಗೆ ನಿಂತು, ಉಮುವೋಫಿಯಾದ ದೊಡ್ಡ ಮನುಷ್ಯನೊಬ್ಬನನ್ನು ನಾಯಿಯಂತೆ ಹೂಳುವ ಸ್ಥಿತಿಗೆ ತಂದಿರೆಂದು ಬ್ರಿಟಿಷ್ ಜಿಲ್ಲಾ ಕಮಿಷನರನಿಗೆ ಹೇಳುವವನು ಅವನೇ. ಕಮಿಷನರ್ ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೊಂದು ಪ್ಯಾರಾ ಕೊಡಬಹುದೆಂದು ಲೆಕ್ಕಹಾಕುತ್ತ ನಡೆಯುತ್ತಾನೆ. ಈ ವ್ಯಂಗ್ಯವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದ್ದರಿಂದ ನೀವು ಬರೆಯುವಾಗ ಅದಕ್ಕೆ ಎರಡು ವಾಕ್ಯ ಸಾಕು, ಉಳಿದ ಜಾಗವನ್ನು ಒಬಿಯೆರಿಕಾನಿಗೆ ಕೊಡಿ.

ಎಂಟನೆಯ ಹೆಜ್ಜೆ: ಇದೇ ಅಳತೆಗೋಲನ್ನು ಎಜೆವುಲುವಿನ ಮೇಲೆ ಇಟ್ಟು ನೋಡುವುದು

ಸಮಯವಿದ್ದವರು ಅಚಿಬೆಯವರದೇ 1964ರ 'ಆ್ಯರೋ ಆಫ್ ಗಾಡ್' ಕಾದಂಬರಿಯನ್ನು ಕೈಗೆತ್ತಿಕೊಳ್ಳಬೇಕು. ನನ್ನ ಮಟ್ಟಿಗೆ ಅದು ಇನ್ನೂ ದೊಡ್ಡ ದುರಂತ. ಉಮುವಾರೊ ಎಂಬ ಆರು ಹಳ್ಳಿಗಳ ಕೂಟದಲ್ಲಿ ಉಲು ದೈವದ ಮುಖ್ಯ ಅರ್ಚಕನಾದ ಎಜೆವುಲು, ಅಮಾವಾಸ್ಯೆ ಕಳೆದು ಚಂದ್ರ ಕಾಣಿಸಿದಾಗಲೆಲ್ಲ ಒಂದೊಂದು ಪವಿತ್ರ ಯಾಮ್ ತಿಂದು ವರ್ಷವನ್ನು ಎಣಿಸುವವನು. ಬ್ರಿಟಿಷ್ ಅಧಿಕಾರಿಗಳು ನೇಮಿಸಲು ಬಯಸಿದ ಮುಖ್ಯಸ್ಥನ ಪದವಿಯನ್ನು ನಿರಾಕರಿಸಿ ಸೆರೆಯಲ್ಲಿದ್ದಾಗ ಆ ಎಣಿಕೆ ತಪ್ಪುತ್ತದೆ. ಬಿಡುಗಡೆಯಾಗಿ ಬಂದ ಮೇಲೆ, ತಿನ್ನದೆ ಉಳಿದ ಗೆಡ್ಡೆಗಳು ತೀರುವವರೆಗೆ ಹೊಸ ಯಾಮ್ ಹಬ್ಬವನ್ನು ಸಾರುವುದಿಲ್ಲವೆನ್ನುತ್ತಾನೆ. ದೋಷ ನಮ್ಮ ತಲೆಯ ಮೇಲಿರಲಿ, ನೀನು ತಿಂದುಬಿಡು ಎಂದು ಹಿರಿಯರು ಬೇಡಿಕೊಂಡರೂ ಒಪ್ಪುವುದಿಲ್ಲ. ಬೆಳೆ ನೆಲದಲ್ಲೇ ಕೊಳೆಯತೊಡಗುತ್ತದೆ.

ಎರಡನೆಯ ಹೆಜ್ಜೆಯ ಪಟ್ಟಿಯನ್ನು ಇಲ್ಲಿ ಮತ್ತೆ ತಯಾರಿಸಲು ಹೊರಟರೆ ಅದು ಕೈಕೊಡುತ್ತದೆ. ಒಕೊಂಕ್ವೊ ನಿಯಮ ಮೀರಿದವನು. ಎಜೆವುಲು ನಿಯಮವನ್ನು ಅಕ್ಷರಕ್ಕಕ್ಷರ ನಡೆಸಿದವನು. ಅವನ ನಡೆ ಸ್ವಂತ ಸೇಡೋ, ದೈವದ ಆಣತಿಯೋ ಎಂಬುದನ್ನು ಅವನೇ ಬಿಡಿಸಿ ಹೇಳಲಾರ, ಕಾದಂಬರಿಯೂ ಹೇಳುವುದಿಲ್ಲ. ನಿಮ್ಮ ಪಟ್ಟಿಯಲ್ಲಿ 'ಬೇಕೆಂದೇ ಮಾಡಿದನೇ' ಎಂಬ ಕಲಂ ಖಾಲಿ ಬಿಟ್ಟು ಮುಂದಕ್ಕೆ ಓದಿ: ಮಗ ಒಬಿಕಾ ಅಂತ್ಯಕ್ರಿಯೆಯೊಂದರಲ್ಲಿ ರಾತ್ರಿಯ ಮುಖವಾಡ ಹೊತ್ತು ಓಡಿ ಬಿದ್ದು ಸಾಯುತ್ತಾನೆ, ಅರ್ಚಕನ ಬುದ್ಧಿ ಕದಡುತ್ತದೆ, ಹಸಿದ ಜನ ಚರ್ಚಿಗೆ ಗೆಡ್ಡೆಗಳನ್ನು ಒಪ್ಪಿಸಿ ಕೊಯ್ಲಿಗಿಳಿಯುತ್ತಾರೆ. ಅಪ್ಪಂದಿರ ಹೊಲದ ಬೆಳೆಯನ್ನು ಆ ಮೇಲೆ ಮಗನ ಹೆಸರಿನಲ್ಲಿ ಅಗೆಯಲಾಯಿತೆಂಬಲ್ಲಿಗೆ ಆ ಕಾದಂಬರಿ ನಿಲ್ಲುತ್ತದೆ. ಮಗನೆಂದರೆ ಶಿಲುಬೆಯ ಮೇಲಿನವನೂ ಹೌದು, ಗೆಡ್ಡೆ ಹೊತ್ತು ಚರ್ಚಿಗೆ ನಡೆದ ಆ ಮನೆಯ ಹುಡುಗನೂ ಹೌದು.